ಹರಳಿನೊಳಗಿನ ನೀರು

“ನಿಲ್ಲಿಸ್ಬೇಡಿ ಸಾಹೇಬ್ರೇ. ಇನ್ನೂ ಹಳದೀನೇ ಇದೆ,” ಎಂದಳು ಶೀಸೆಯಮ್ಮ.

ಹಳೇ ಸಾಹೇಬರ ಎಡಗೈ ಆಮ್ಲ ತುಂಬಿದ ಅಳತೆಗೊಳವೆಯ, ಬ್ಯುರೆಟ್ಟಿನ, ತಿರುಪಿನ ಮೇಲಿತ್ತು. ಬಲಗೈ ಕೆಳಗಿನ, ಬಣ್ಣದ ಸೂಚಕ ಹಾಕಿದ ದ್ರಾವಣದ ಫ್ಲಾಸ್ಕನ್ನು ಮೆಲ್ಲಗೆ ಅಲುಗಿಸುತ್ತಿತ್ತು. ಮೂವತ್ತೈದು ವರ್ಷ ಪೊಲೀಸ್ ಇಲಾಖೆಯಲ್ಲಿ ಕಳ್ಳರ ರಟ್ಟೆ ಹಿಡಿದ ಕೈಗಳವು. ಇವತ್ತು ಒಂದು ಹನಿ ಆಮ್ಲ ಹೆಚ್ಚು ಬೀಳದಂತೆ ಕಾಯುತ್ತಿದ್ದವು.

ಹದಿನೈದು ಮಿಲಿಲೀಟರ್ ಇಳಿಯಿತು. ಹದಿನಾರು. ಹದಿನೇಳು.

“ಹತ್ತಕ್ಕೇ ಬಣ್ಣ ತಿರುಗಬೇಕಿತ್ತು ಅಂದೆಯಲ್ಲಮ್ಮ?”

“ತಿರುಗ್ಬೇಕಿತ್ತು. ತಿರುಗ್ಲಿಲ್ಲ. ಬಿಡ್ತಾ ಹೋಗಿ. ಅದರ ಹೊಟ್ಟೆ ತುಂಬೋವರೆಗೂ ಅದು ಕುಡಿಯತ್ತೆ.”

ಗೋಡೆಯ ಗಡಿಯಾರದಲ್ಲಿ ಮೂರೂ ಕಾಲು. ಐದು ಗಂಟೆಗೆ ಠಾಣೆಯಲ್ಲಿ ಒಂದು ಫೈಲು ಮುಚ್ಚಿಹೋಗುವುದಿತ್ತು. ಫೈಲು ಮುಚ್ಚಿತೆಂದರೆ ರಸಾಯನಶಾಸ್ತ್ರದ ಮೇಷ್ಟ್ರನ್ನು ಹುಡುಕುವವರು ಈ ಲೋಕದಲ್ಲಿ ಯಾರೂ ಉಳಿಯುತ್ತಿರಲಿಲ್ಲ, ಅವರನ್ನು ಸಾಕಿ ಬೆಳೆಸಿದ ಅಕ್ಕನೊಬ್ಬಳನ್ನು ಬಿಟ್ಟು.

ಆ ಅಕ್ಕ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದಳು. ಮಡಿಲಲ್ಲಿ ತಮ್ಮನ ಹೃದಯದ ಮಾತ್ರೆಗಳ ಪೊಟ್ಟಣ. ಮಂಗಳವಾರ ಬೆಳಿಗ್ಗೆ ಕಾಲೇಜಿಗೆ ಹೋದ ತಮ್ಮ ರಾತ್ರಿ ಮನೆಗೆ ಬರಲಿಲ್ಲ. ಇವತ್ತು ಸೋಮವಾರ. ಆರು ದಿನದ ಮಾತ್ರೆ ಪೊಟ್ಟಣದಲ್ಲೇ ಉಳಿದಿತ್ತು.

ಪೊಲೀಸರು ಹುಡುಕದೆ ಇರಲಿಲ್ಲ. ಆದರೆ ಅವರ ಕೈಗೆ ಒಂದು ಶೀಸೆ ಸಿಕ್ಕಿಬಿಟ್ಟಿತು. ಬುಧವಾರ ಬೆಳಿಗ್ಗೆ ಮೇಷ್ಟ್ರ ಮೇಜಿನ ಮೇಲೆ ಹೊಸದಾಗಿ ಮಾಡಿಟ್ಟ, ಬಟ್ಟೆ ಒಗೆಯುವ ಸೋಡಾದ ದ್ರಾವಣ. ಮೇಲಿನ ಚೀಟಿಯಲ್ಲಿ ಮೇಷ್ಟ್ರದೇ ದುಂಡನೆಯ ಅಕ್ಷರ, ಕೆಳಗೆ ಬುಧವಾರದ ತಾರೀಖಿನ ಮೊಹರು. ಅಂದಮೇಲೆ ಬುಧವಾರ ಅವರು ಇಲ್ಲಿಗೆ ಬಂದಿದ್ದಾರೆ, ಕೆಲಸ ಮಾಡಿದ್ದಾರೆ, ಆಮೇಲೆ ತಮ್ಮ ಪಾಡಿಗೆ ತಾವು ಎಲ್ಲಿಗೋ ಹೋಗಿದ್ದಾರೆ. ಬೆಳೆದ ಮನುಷ್ಯ ಹೇಳದೆ ಊರಿಗೆ ಹೋದರೆ ಅದು ಅಪರಾಧವಲ್ಲ. ಯುವ ಇನ್‌ಸ್ಪೆಕ್ಟರು ಹೀಗೆಂದು ಷರಾ ಬರೆದಾಗಿತ್ತು.

“ಆ ಶೀಸೆ ಸುಳ್ಳು ಅಣ್ಣ,” ಎಂದು ಅಕ್ಕ ಬೆಳಿಗ್ಗೆ ಹಳೇ ಸಾಹೇಬರ ಮನೆಯ ಬಾಗಿಲಲ್ಲಿ ನಿಂತು ಅತ್ತಿದ್ದಳು. “ನನ್ನ ತಮ್ಮ ಬುಧವಾರ ಓಡಾಡಿಕೊಂಡಿದ್ದಿದ್ರೆ ಮಾತ್ರೆಗಾದ್ರೂ ಮನೆಗೆ ಬರ್ತಿದ್ದ.”

ಸಾಹೇಬರು ನಿವೃತ್ತರಾಗಿ ಎಂಟು ವರ್ಷ. ಹೆಂಡತಿ ತೀರಿಕೊಂಡು ಏಳು ತಿಂಗಳು. ಯಾರಾದರೂ ಅತ್ತರೆ ಬಾಗಿಲು ಹಾಕಿಕೊಳ್ಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಬಂದರು.

ಶೀಸೆ ನಿಜವೋ ಸುಳ್ಳೋ ಎಂಬುದನ್ನು ಶೀಸೆಯನ್ನೇ ಕೇಳಬೇಕು. ಕೇಳುವ ಭಾಷೆ ಅವರಿಗೆ ಬರುತ್ತಿರಲಿಲ್ಲ. ಈ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷದಿಂದ ಶೀಸೆ ತೊಳೆಯುತ್ತ ಬಂದ, ಅದರಿಂದಲೇ ಹೆಸರು ಪಡೆದ ಈ ಹೆಂಗಸಿಗೆ ಬರುತ್ತಿತ್ತು.

ಇಪ್ಪತ್ತೈದು. ಇಪ್ಪತ್ತಾರು.

“ಈಗ ಹನಿ ಹನಿ,” ಎಂದಳು ಶೀಸೆಯಮ್ಮ. ಅವಳ ದನಿ ತಾನಾಗಿ ಇಳಿಯಿತು.

ಒಂದು ಹನಿ ಬಿತ್ತು. ಹಳದಿ. ಇನ್ನೊಂದು. ಹಳದಿ. ಮತ್ತೊಂದು ಹನಿ ಮುಟ್ಟಿದ್ದೇ ತಡ, ಫ್ಲಾಸ್ಕಿನೊಳಗಿನದೆಲ್ಲ ಒಟ್ಟಿಗೆ ಕಿತ್ತಳೆಗೆಂಪಾಯಿತು. ಮೂಡಣ ದಿಕ್ಕು ಬೆಳಗಾಗುವಾಗ ಇಂಥ ಬಣ್ಣ ತಳೆಯುವುದನ್ನು ಸಾಹೇಬರು ಎಷ್ಟೋ ಸಲ ನೋಡಿದ್ದರು. ಆದರೆ ಅಲ್ಲಿ ಅದಕ್ಕೆ ಅರ್ಧ ಗಂಟೆ ಬೇಕು. ಇಲ್ಲಿ ಒಂದೇ ಹನಿ.

ಅವರು ತಿರುಪು ಮುಚ್ಚಿದರು.

“ಎಷ್ಟಾಯ್ತು ನೋಡಿ. ಕಣ್ಣು ನೇರಕ್ಕೆ ತಂದು ನೋಡ್ಬೇಕು, ಬಗ್ಗಿ. ವಯಸ್ಸಾಯ್ತು ಅಂತ ಗೆರೆ ಮೇಲೆ ಬರಲ್ಲ.”

“ಇಪ್ಪತ್ತೇಳು.”

“ಇಪ್ಪತ್ತೇಳೇ.”

ಸಾಹೇಬರ ಪೊಲೀಸ್ ಬುದ್ಧಿ ಅಷ್ಟು ಸುಲಭಕ್ಕೆ ಒಪ್ಪುವಂಥದಲ್ಲ. ಸಾಕ್ಷಿ ಹೇಳುವವನಿಗಿಂತ ಮೊದಲು ಸಾಕ್ಷಿ ಕೇಳುವವನನ್ನು ಪರೀಕ್ಷಿಸಬೇಕು.

“ತಪ್ಪು ಈ ಆಮ್ಲದ್ದೇ ಇರಬಹುದಲ್ಲಮ್ಮ? ಆಮ್ಲ ಸಪ್ಪೆಯಾಗಿದ್ರೆ?”

ಶೀಸೆಯಮ್ಮ ಮೊದಲ ಸಲ ನಕ್ಕಳು. “ಮೇಷ್ಟ್ರು ಇಲ್ಲಿದ್ದಿದ್ರೆ ನಿಮ್ಮನ್ನ ಇಷ್ಟಪಡ್ತಿದ್ರು,” ಎಂದು ಕಪಾಟಿನಿಂದ ಇನ್ನೊಂದು ಶೀಸೆ ತೆಗೆದಳು. ಹಿಂದಿನ ವಾರ ಮೇಷ್ಟ್ರು ಅವಳ ಕಣ್ಣೆದುರಿಗೇ ಮಾಡಿದ ದ್ರಾವಣ. ಅದೇ ಚೀಟಿ, ಹಳೇ ತಾರೀಖು. ಅದರಿಂದಲೂ ಹತ್ತು ಮಿಲಿಲೀಟರ್ ತೆಗೆದುಕೊಂಡು, ಅದೇ ಆಮ್ಲ ಬಿಟ್ಟರು.

ಹತ್ತಕ್ಕೆ ಸರಿಯಾಗಿ ಬಣ್ಣ ತಿರುಗಿತು. ಒಂದು ಹನಿ ಹಿಂದಿಲ್ಲ, ಒಂದು ಹನಿ ಮುಂದಿಲ್ಲ.

“ಆಮ್ಲ ಸಾಚಾ,” ಎಂದರು ಸಾಹೇಬರು. “ಹಾಗಾದ್ರೆ ಬುಧವಾರದ ಶೀಸೆ ಚೀಟಿಯಲ್ಲಿ ಬರೆದಿದ್ದಕ್ಕಿಂತ ಎರಡೂ ಮುಕ್ಕಾಲು ಪಟ್ಟು ಗಟ್ಟಿ.”

“ಎರಡು ಪಾಯಿಂಟ್ ಏಳು. ಇಲ್ಲಿ ಮುಕ್ಕಾಲು ಗಿಕ್ಕಾಲು ನಡೆಯಲ್ಲ.”

“ಯಾಕೆ ಹಾಗಾಯ್ತು? ನನಗೆ ಮೊದಲಿಂದ ಹೇಳಮ್ಮ. ಏನೂ ಗೊತ್ತಿಲ್ಲದವನು ಅಂದ್ಕೊಂಡು ಹೇಳು.”

“ಅಂದ್ಕೊಳ್ಳೋದೇನು ಬಂತು,” ಎಂದಳು ಶೀಸೆಯಮ್ಮ, ಸೆರಗಿನಿಂದ ಕರಿಹಲಗೆ ಒರೆಸುತ್ತ. “ಹುಡುಗರು ಒಂದು ವರ್ಷ ಕೇಳ್ತಾರೆ, ಪಾಸಾಗಿ ಹೋಗ್ತಾರೆ. ನಾನು ಮೂವತ್ತು ವರ್ಷದಿಂದ ಅದೇ ಕ್ಲಾಸಲ್ಲಿ ಫೇಲಾಗಿ ಕೂತಿದೀನಿ. ಬಾಯಿಪಾಠ ಆಗೋಗಿದೆ.”

ಅವಳು ಸೀಮೆಸುಣ್ಣ ಹಿಡಿದಳು. ಆಮ್ಲ ತಿಂದು ಒರಟಾದ ಬೆರಳುಗಳು. ಬರವಣಿಗೆ ಮಾತ್ರ ಮುದ್ದಾಗಿತ್ತು.

“ಲೋಕದಲ್ಲಿ ಇರೋದೆಲ್ಲ ಪರಮಾಣು. ಒಂದೊಂದಕ್ಕೂ ಒಂದೊಂದು ತೂಕ. ಸೋಡಿಯಂ ಇಪ್ಪತ್ತಮೂರು, ಇಂಗಾಲ ಹನ್ನೆರಡು, ಆಮ್ಲಜನಕ ಹದಿನಾರು. ಇವತ್ತು ಹದಿನಾರು, ನಾಳೆ ಹದಿನೇಳು ಅಂತಿಲ್ಲ. ಇಲ್ಲಿ ಹದಿನಾರು, ಸಮುದ್ರದ ಆಚೆ ಹದಿನೈದು ಅಂತಾನೂ ಇಲ್ಲ. ನಮ್ಮ ಸೋಡಾದ ಒಂದು ಕಣದಲ್ಲಿ ಸೋಡಿಯಂ ಎರಡು, ಇಂಗಾಲ ಒಂದು, ಆಮ್ಲಜನಕ ಮೂರು. ಕೂಡಿ ಹೇಳಿ.”

ಸಾಹೇಬರು ಬೆರಳು ಮಡಚಿದರು. ನಲವತ್ತಾರು, ಹನ್ನೆರಡು, ನಲವತ್ತೆಂಟು. “ನೂರಾ ಆರು.”

“ಹಾಂ. ಈಗ ನೂರಾ ಆರು ಗ್ರಾಂ ಸೋಡಾ ತೂಗಿ ಇಟ್ರೆ ಅದರಲ್ಲಿ ಒಂದು ಮೋಲ್ ಕಣ ಇರ್ತವೆ. ಡಜನ್ ಅಂದ್ರೆ ಹನ್ನೆರಡು ಇದ್ದ ಹಾಗೆ, ಮೋಲ್ ಅಂದ್ರೆ ಒಂದು ಎಣಿಕೆ. ಎಷ್ಟು ಅಂತ ಕೇಳಿ.”

“ಎಷ್ಟು?”

ಅವಳು ಆರು ಬರೆದಳು. ಅದರ ಮುಂದೆ ಸೊನ್ನೆ ಬರೆಯತೊಡಗಿದಳು. ಹಲಗೆಯ ಅಂಚು ಬಂತು. ಕೆಳಗಿನ ಸಾಲಿಗೆ ಇಳಿದಳು. ಇಪ್ಪತ್ತಮೂರು ಸೊನ್ನೆ.

“ಸುಮಾರು ಇಷ್ಟು. ಈ ಲೋಕದ ಜನ ಎಲ್ಲ, ಕೈಗೂಸನ್ನೂ ಬಿಡದೆ, ಊಟ ನಿದ್ದೆ ಬಿಟ್ಟು ಸೆಕೆಂಡಿಗೆ ಒಂದರ ಹಾಗೆ ಎಣಿಸಿದ್ರೂ ಇಪ್ಪತ್ತು ಲಕ್ಷ ವರ್ಷದಲ್ಲಿ ಮುಗಿಯಲ್ವಂತೆ. ಅಷ್ಟು ಕಣ, ನೀರಲ್ಲಾದ್ರೆ ಹದಿನೆಂಟು ಗ್ರಾಂ. ಅಂದ್ರೆ ಒಂದೇ ಗುಟುಕು.”

ಸಾಹೇಬರು ಮೇಜಿನ ಮೇಲಿದ್ದ ತಮ್ಮ ನೀರಿನ ಲೋಟದ ಕಡೆ ನೋಡಿದರು. ಮಧ್ಯಾಹ್ನದಿಂದ ಅದರಲ್ಲಿ ಅರ್ಧ ಕುಡಿದಿದ್ದರು, ಏನೂ ಯೋಚಿಸದೆ. ಅರುವತ್ತಾರು ವರ್ಷ ಹೀಗೆಯೇ ಕುಡಿದಿದ್ದರು. ಪ್ರತಿ ದಿನ ಬೆಳಿಗ್ಗೆ ಕಣ್ಣು ಮುಚ್ಚಿ ದೇವರನ್ನು ನೆನೆಯುವಾಗ, ಅವನು ದೊಡ್ಡವನು ಎಂದು ಹೇಳುತ್ತ ಬಂದಿದ್ದರು. ಎಷ್ಟು ದೊಡ್ಡವನೆಂದು ಕೇಳಿದರೆ ಬೆಟ್ಟ ತೋರಿಸುತ್ತಿದ್ದರು, ಆಕಾಶ ತೋರಿಸುತ್ತಿದ್ದರು. ಲೋಟ ತೋರಿಸಬೇಕೆಂದು ಹೊಳೆದಿರಲಿಲ್ಲ.

“ಯಾಕೆ ಸಾಹೇಬ್ರೇ, ಲೋಟ ನೋಡ್ತಿದೀರಿ?”

“ಏನಿಲ್ಲ. ಮುಂದಕ್ಕೆ ಹೇಳು.”

“ಆಮ್ಲ ಬಿದ್ದಾಗ ಏನಾಗತ್ತೆ ಅಂದ್ರೆ, ಒಂದು ಸೋಡಾ ಕಣಕ್ಕೆ ಎರಡು ಆಮ್ಲದ ಕಣ ಬೇಕು. ಅದಕ್ಕೇ ಆಮ್ಲಾನ ಎರಡರಷ್ಟು ಗಟ್ಟಿ ಮಾಡಿ ಇಟ್ಟಿರ್ತೀವಿ, ಹತ್ತಕ್ಕೆ ಹತ್ತು ಸರಿಹೋಗ್ಲಿ ಅಂತ. ಸೇರಿದ್ಮೇಲೆ ಉಪ್ಪಾಗತ್ತೆ, ನೀರಾಗತ್ತೆ, ಗಾಳಿಯಾಗಿ ಒಂದಿಷ್ಟು ಗುಳ್ಳೆ ಹೋಗತ್ತೆ. ಆದ್ರೆ ಒಳಗೆ ಹೋದ ಪರಮಾಣು ಎಷ್ಟೋ ಹೊರಗೆ ಬರೋದೂ ಅಷ್ಟೇ. ಜೊತೆ ಬದಲಾಯಿಸ್ಕೋತವೆ. ಒಂದೂ ಹೊಸದಾಗಿ ಹುಟ್ಟಲ್ಲ, ಒಂದೂ ಇಲ್ಲದೆ ಹೋಗಲ್ಲ.”

“ಒಂದೂ?”

“ಒಂದೂ.”

“ಬೆಂಕಿಗೆ ಹಾಕಿದ್ರೂ?”

ಶೀಸೆಯಮ್ಮ ಅವರ ಮುಖ ನೋಡಿದಳು. ಅವಳೂ ಗಂಡನನ್ನು ಕಳೆದುಕೊಂಡವಳು. ಪ್ರಶ್ನೆ ಸೋಡಾದ ಬಗ್ಗೆ ಅಲ್ಲವೆಂದು ಅವಳಿಗೆ ತಿಳಿಯಿತು.

“ಬೆಂಕಿಗೆ ಹಾಕಿದ್ರೂ ಸಾಹೇಬ್ರೇ. ಎಲ್ಲೋ ಇದ್ದೇ ಇರ್ತವೆ,” ಎಂದಳು ಮೆಲ್ಲಗೆ.

ಹೊರಗೆ ಯಾವುದೋ ತರಗತಿಯ ಗಂಟೆ ಬಾರಿಸಿತು. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ಸರಿ. ಚೀಟಿಯಲ್ಲಿ ಏನು ಬರೆದಿದೆ?”

“ಲೀಟರಿಗೆ ಮೋಲ್‌ನ ಹತ್ತರಲ್ಲೊಂದು ಪಾಲು. ಅಂದ್ರೆ ನೂರಾ ಆರರಲ್ಲಿ ಹತ್ತರಲ್ಲೊಂದು. ಹತ್ತು ಪಾಯಿಂಟ್ ಆರು ಗ್ರಾಂ ತೂಗಿ, ನೀರು ಹಾಕಿ ಒಂದು ಲೀಟರ್ ಮಾಡ್ಬೇಕು.”

“ಈ ಶೀಸೆ ಎರಡು ಪಾಯಿಂಟ್ ಏಳು ಪಟ್ಟು ಗಟ್ಟಿ. ಹಾಗಾದ್ರೆ ಇದನ್ನ ಮಾಡಿದವನು ತೂಗಿದ್ದು…” ಸಾಹೇಬರು ತಾವೇ ಸೀಮೆಸುಣ್ಣ ತೆಗೆದುಕೊಂಡರು. ಹತ್ತು ಪಾಯಿಂಟ್ ಆರನ್ನು ಎರಡು ಪಾಯಿಂಟ್ ಏಳರಿಂದ ಗುಣಿಸಿದರು. ಶಾಲೆ ಬಿಟ್ಟ ಮೇಲೆ ಇಷ್ಟು ಭಯಭಕ್ತಿಯಿಂದ ಗುಣಾಕಾರ ಮಾಡಿದ್ದು ಇದೇ ಮೊದಲು.

ಇಪ್ಪತ್ತೆಂಟು ಪಾಯಿಂಟ್ ಆರು.

ಕೈ ತಪ್ಪಿದರೆ ಒಂದೆರಡು ಗ್ರಾಂ ಹೆಚ್ಚು ಬಿದ್ದೀತು, ಹದಿನೆಂಟು ಗ್ರಾಂ ಅಲ್ಲ. ಇದು ತೂಗಿ ನೋಡಿ, ಸರಿ ಎಂದುಕೊಂಡು ಸುರಿದವನ ಅಂಕಿ.

“ಇಪ್ಪತ್ತೆಂಟು ಪಾಯಿಂಟ್ ಆರು ಅಂದ್ರೆ ಏನಮ್ಮ?”

ಶೀಸೆಯಮ್ಮ ಉತ್ತರ ಕೊಡದೆ ಮೂಲೆಯ ಕಪಾಟಿನ ಮೇಲ್ತಟ್ಟಿಗೆ ಕೈ ಹಾಕಿದಳು. ಧೂಳು ಹಿಡಿದ ಸಣ್ಣ ಭರಣಿಯೊಂದನ್ನು ತಂದಿಟ್ಟಳು. ತಳದಲ್ಲಿ ನಾಲ್ಕೈದು ಹರಳು. ಒಂದು ಕಾಲಕ್ಕೆ ಗಾಜಿನಂತಿದ್ದಿರಬೇಕು. ಈಗ ಮೈಮೇಲೆ ಬಿಳಿ ಬೂದಿ ಹತ್ತಿತ್ತು.

“ಇದೂ ಅದೇ ಸೋಡಾ. ಆದ್ರೆ ಹರಳು. ಹರಳು ಕಟ್ಟುವಾಗ ಒಂದೊಂದು ಕಣಾನೂ ಹತ್ತು ನೀರಿನ ಕಣ ತಬ್ಕೊಂಡು ಕೂತಿರತ್ತೆ. ಹನ್ನೊಂದಲ್ಲ, ಒಂಬತ್ತಲ್ಲ, ಹತ್ತು. ಮುಟ್ಟಿ ನೋಡಿ, ಒಣಗೇ ಇದೆ. ಒಳಗೆ ನೋಡಿದ್ರೆ ಅರ್ಧಕ್ಕಿಂತ ಹೆಚ್ಚು ನೀರೇ.”

ಸಾಹೇಬರು ಒಂದು ಹರಳನ್ನು ಅಂಗೈಯಲ್ಲಿಟ್ಟುಕೊಂಡರು. ಒಣಗಿದ ಕಲ್ಲು. ಒಳಗೆ ಕೆರೆ.

“ಹತ್ತು ನೀರಿಗೆ ನೂರ ಎಂಬತ್ತು. ಸೋಡಾದ್ದು ನೂರಾ ಆರು. ಒಟ್ಟು ಇನ್ನೂರ ಎಂಬತ್ತಾರು,” ಎಂದರು ತಮ್ಮಷ್ಟಕ್ಕೆ. “ಅದರಲ್ಲಿ ಹತ್ತರಲ್ಲೊಂದು…”

“ಇಪ್ಪತ್ತೆಂಟು ಪಾಯಿಂಟ್ ಆರು. ಹಿಂದೆಲ್ಲ ನಾವು ಅಷ್ಟೇ ತೂಗ್ತಿದ್ವಿ. ಹರಳು ಗಾಳಿಗೆ ನೀರು ಬಿಟ್ಕೊಂಡು ಪುಡಿಯಾಗತ್ತೆ, ತೂಕ ನಂಬೋ ಹಾಗಿಲ್ಲ ಅಂತ ಮೇಷ್ಟ್ರು ಹರಳು ತರಿಸೋದು ಬಿಟ್ರು. ಹನ್ನೆರಡು ವರ್ಷದಿಂದ ನೀರಿಲ್ಲದ ಪುಡಿ. ಪುಡಿಗೆ ಹತ್ತು ಪಾಯಿಂಟ್ ಆರು.”

ಸಾಹೇಬರು ನಿಧಾನವಾಗಿ ಕುಳಿತರು. ಬೆರಳಚ್ಚು ಹುಡುಕಿ ಎಷ್ಟೋ ಮನೆಗಳ ಬಾಗಿಲಿಗೆ ಪುಡಿ ಹಚ್ಚಿದವರು ಅವರು. ಹೀಗೊಂದು ಬೆರಳಚ್ಚು ದ್ರಾವಣದೊಳಗೆ ಕರಗಿ ಕುಳಿತಿರಬಹುದೆಂದು, ಅದನ್ನು ಹನಿ ಎಣಿಸಿ ಹೊರಕ್ಕೆ ಕರೆಯಬಹುದೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದರು.

ಯಾರೋ ಪುಡಿಯ ಡಬ್ಬಿಯಿಂದ ಹರಳಿನ ಲೆಕ್ಕದಲ್ಲಿ ತೂಗಿದ್ದಾರೆ. ದಿನಾ ಈ ಲ್ಯಾಬಿನಲ್ಲಿ ಕೈ ಆಡಿಸುವ ಮೇಷ್ಟ್ರು ಹಾಗೆ ಮಾಡುವುದಿಲ್ಲ. ಹರಳಿನ ಕಾಲದಲ್ಲಿ ಕಲಿತು, ಹನ್ನೆರಡು ವರ್ಷದಿಂದ ತಕ್ಕಡಿ ಮುಟ್ಟದವನು ಮಾಡುತ್ತಾನೆ.

“ಚೀಟಿ ಮೇಷ್ಟ್ರ ಅಕ್ಷರ ತಾನೆ?”

“ರಜಾ ದಿನ ಕೂತು ನೂರಾರು ಚೀಟಿ ಬರೆದು ಕಟ್ಟು ಕಟ್ಟಿ ಇಡ್ತಾರೆ. ಡ್ರಾಯರ್‌ನಲ್ಲೇ ಇದೆ. ಯಾರು ಬೇಕಾದ್ರೂ ತೆಗೆದು ಅಂಟಿಸ್ಬಹುದು.”

“ತಾರೀಖಿನ ಮೊಹರು?”

“ಅದೂ ಅದರ ಪಕ್ಕದಲ್ಲೇ.”

ಬಾಗಿಲಲ್ಲಿ ಕಿರಿಯ ಮೇಷ್ಟ್ರು ಹಾದುಹೋದರು. ಎರಡು ವರ್ಷದ ಹಿಂದೆ ಸೇರಿದವರು. ಬುಧವಾರ ಶೀಸೆಯನ್ನು ಮೊದಲು ಕಂಡವರು. ಸಾಹೇಬರು ಕೂತಲ್ಲಿಂದಲೇ ಕೂಗಿದರು. “ಮೇಷ್ಟ್ರೇ, ಒಂದು ಲೀಟರ್ ಸೋಡಾ ದ್ರಾವಣಕ್ಕೆ, ಮೋಲ್‌ನ ಹತ್ತರಲ್ಲೊಂದು, ಎಷ್ಟು ಗ್ರಾಂ?”

“ಹತ್ತು ಪಾಯಿಂಟ್ ಆರು,” ಎಂದರು ಅವರು, ಕಾಲು ನಿಲ್ಲಿಸದೆ.

“ಹರಳಾದರೆ?”

ಅವರು ತಡೆದರು. “ಹರಳು ನಾನು ಪುಸ್ತಕದಲ್ಲಿ ನೋಡಿದ್ದು ಸರ್. ಲೆಕ್ಕ ಹಾಕಿ ಹೇಳಬೇಕು.”

ಇವರಲ್ಲ. ಉಳಿದವರು ಒಬ್ಬರೇ.

ಪ್ರಿನ್ಸಿಪಾಲರು ಕಾಣೆಯಾದ ಮೇಷ್ಟ್ರ ಶಿಷ್ಯ. ಇದೇ ಲ್ಯಾಬಿನಲ್ಲಿ ಕಲಿತು, ಇದೇ ಲ್ಯಾಬಿನಲ್ಲಿ ಕಲಿಸಿ, ಹದಿನೈದು ವರ್ಷದ ಹಿಂದೆ ಕಚೇರಿಯ ಕುರ್ಚಿಗೆ ಹೋದವರು. ಊರಿನ ಟ್ಯಾಂಕಿನ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸುವುದು ಈ ಕಾಲೇಜಿನ ಕೆಲಸ. ಕಳೆದ ನಾಲ್ಕು ವರದಿಗೆ, ‘ನಾನೇ ಖುದ್ದಾಗಿ ಪರೀಕ್ಷಿಸಿದ್ದೇನೆ, ನೀರು ಕುಡಿಯಲು ಯೋಗ್ಯ’ ಎಂದು ಬರೆದು ಸಹಿ ಮಾಡಿದವರು ಅವರು. ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಅಕ್ಕನಿಗೆ, “ಇವತ್ತು ಪ್ರಿನ್ಸಿಪಾಲನ ಹತ್ರ ಆ ನೀರಿನ ವರದಿ ವಿಷಯ ಇತ್ಯರ್ಥ ಆಗಬೇಕು” ಎಂದು ಹೇಳಿ ಹೋಗಿದ್ದರು. ಬುಧವಾರ ಬೆಳಗಿನ ಬಸ್ಸಿಗೇ ಪ್ರಿನ್ಸಿಪಾಲರು ಸಭೆಗೆಂದು ಪರವೂರಿಗೆ ಹೊರಟು, ನಿನ್ನೆ ಮರಳಿದ್ದರು. ಮೇಷ್ಟ್ರು ಬುಧವಾರ ಇಲ್ಲಿದ್ದರೆಂದಾದರೆ ಪ್ರಿನ್ಸಿಪಾಲರ ಮೇಲೆ ಯಾರೂ ಬೆರಳು ಮಾಡುವಂತಿರಲಿಲ್ಲ.

ನಾಲ್ಕೂ ಕಾಲಾಗಿತ್ತು.

“ಪುಡಿಯ ಡಬ್ಬಿ ತಗೊಂಡು ಬಾಮ್ಮ,” ಎಂದು ಸಾಹೇಬರು ಎದ್ದರು.

ಪ್ರಿನ್ಸಿಪಾಲರ ಕೋಣೆಯಲ್ಲಿ ಗಾಜು ಹೊದೆಸಿದ ಮೇಜು, ಅದರ ಮೇಲೆ ಸಹಿಗೆ ಕಾದ ಕಾಗದಗಳ ಅಟ್ಟಿ. ಅಚ್ಚುಕಟ್ಟಾದ ಮನುಷ್ಯ. ಕಣ್ಣ ಕೆಳಗೆ ಮಾತ್ರ ನಾಲ್ಕು ದಿನದ ನಿದ್ದೆಗೇಡು.

“ಬನ್ನಿ ಸಾಹೇಬರೇ. ಮೇಷ್ಟ್ರ ಸುಳಿವು ಏನಾದ್ರೂ?”

“ಎಲ್ಲಿಯ ಸುಳಿವು. ಈಯಮ್ಮ ನನಗೆ ಪಾಠ ಹೇಳ್ತಾ ಇದಾಳೆ. ನನ್ನ ತಲೆಗೆ ಹೋಗ್ತಾ ಇಲ್ಲ,” ಎಂದು ಸಾಹೇಬರು ಉಸ್ಸೆಂದು ಕುಳಿತರು. “ನೀವು ಆ ಕಾಲಕ್ಕೆ ಮೇಷ್ಟ್ರ ಮೊದಲನೇ ಶಿಷ್ಯ ಅಂತೆ. ಒಂದು ಲೀಟರ್ ಸೋಡಾ ದ್ರಾವಣ, ಮೋಲ್‌ನ ಹತ್ತರಲ್ಲೊಂದು. ಎಷ್ಟು ಗ್ರಾಂ ತೂಗಬೇಕು ಅಂತ ಇವಳ ಹತ್ರ ಜಗಳ ಆಗೋಯ್ತು.”

ಪ್ರಿನ್ಸಿಪಾಲರ ಮುಖ ಸಡಿಲವಾಯಿತು. ಹಳೆಯ ಪಾಠ ಕೇಳಿದರೆ ಯಾವ ಮೇಷ್ಟ್ರಿಗೂ ಹಾಗೆಯೇ.

“ಇಪ್ಪತ್ತೆಂಟು ಪಾಯಿಂಟ್ ಆರು. ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಬೆತ್ತ ಹಿಡಿದು ಕಲಿಸಿದ್ದಾರೆ.”

ಶೀಸೆಯಮ್ಮ ಡಬ್ಬಿಯನ್ನು ಗಾಜಿನ ಮೇಜಿನ ಮೇಲಿಟ್ಟು, ಹೆಸರಿನ ಚೀಟಿಯನ್ನು ಅವರ ಕಡೆಗೆ ತಿರುಗಿಸಿದಳು. ನೀರಿಲ್ಲದ ಸೋಡಾ ಎಂದು ದಪ್ಪಕ್ಷರದಲ್ಲಿತ್ತು.

ಪ್ರಿನ್ಸಿಪಾಲರು ಓದಿದರು. ಅವರು ಎಷ್ಟಾದರೂ ರಸಾಯನಶಾಸ್ತ್ರದವರು. ಯಾರೂ ವಿವರಿಸಬೇಕಾಗಲಿಲ್ಲ.

“ಇಪ್ಪತ್ತೇಳು ಬಂತು ಪ್ರಿನ್ಸಿಪಾಲರೇ,” ಎಂದರು ಸಾಹೇಬರು. ದನಿಯಲ್ಲಿ ಗೆದ್ದವನ ಗತ್ತು ಇರಲಿಲ್ಲ. “ಮನುಷ್ಯ ಸುಳ್ಳು ಹೇಳ್ತಾನೆ, ಕಾಗದ ಸುಳ್ಳು ಹೇಳತ್ತೆ. ಒಳಗಿರೋ ಕಣಗಳು ತಮ್ಮ ಎಣಿಕೆ ಬಿಟ್ಟು ಬೇರೆ ಏನನ್ನೂ ಹೇಳಲ್ಲ.”

ಅವರು ಮೇಜಿನ ಮೇಲಿದ್ದ ಫೋನನ್ನು ತಮ್ಮ ಕಡೆ ಎಳೆದುಕೊಂಡು ಠಾಣೆಗೆ ಮಾಡಿದರು. ಯುವ ಇನ್‌ಸ್ಪೆಕ್ಟರು ಒಂದು ಕಾಲಕ್ಕೆ ಅವರ ಕೈಕೆಳಗೆ ಪಳಗಿದವರು.

“ಹೇಳಿ ಗುರುಗಳೇ.”

“ಫೈಲು ಮುಚ್ಚಬೇಡಪ್ಪ. ಆ ಶೀಸೆ ಮೇಷ್ಟ್ರು ಮಾಡಿದ್ದಲ್ಲ. ಬುಧವಾರ ಅವರು ಇಲ್ಲಿದ್ದರು ಅನ್ನೋದಕ್ಕೆ ನಿನ್ನ ಹತ್ರ ಬೇರೆ ಆಧಾರ ಇಲ್ಲ.”

“ಶೀಸೆ ಅವರದಲ್ಲ ಅನ್ನೋದಕ್ಕೆ ಸಾಕ್ಷಿ ಯಾರು ಗುರುಗಳೇ?”

“ಆರರ ಮುಂದೆ ಇಪ್ಪತ್ತಮೂರು ಸೊನ್ನೆ ಬರೀತಾ ಹೋಗು, ಕೈ ಸೋಲುತ್ತೆ. ಅಷ್ಟು ಜನ,” ಎಂದರು ಸಾಹೇಬರು. “ಸಂಜೆ ಬಂದು ವಿವರಿಸ್ತೀನಿ. ಸದ್ಯ ಹುಡುಕೋರನ್ನ ವಾಪಸ್ ಕರೀಬೇಡ.”

“ಆಯ್ತು. ನೀವು ಹೇಳಿದ್ಮೇಲೆ ಆಯ್ತು.”

ಫೋನಿಟ್ಟು ತಿರುಗಿದಾಗ ಪ್ರಿನ್ಸಿಪಾಲರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು.

“ಮಾಡಿದ್ದು ನಾನೇ,” ಎಂದರು. “ಮಂಗಳವಾರ ಸಂಜೆ. ಮೇಷ್ಟ್ರ ಎದುರಿಗೇ.”

“ಎದುರಿಗೆ?”

“ಮೇಷ್ಟ್ರು ನನ್ನನ್ನ ನಿಲ್ಲಿಸ್ಕೊಂಡು, ನಾಲ್ಕು ವರದಿಗೆ ಸಹಿ ಹಾಕಿದೀಯಲ್ಲ, ಖುದ್ದಾಗಿ ಪರೀಕ್ಷೆ ಮಾಡಿದೀನಿ ಅಂತ. ಎಲ್ಲಿ, ನನ್ನ ಮುಂದೆ ಒಂದು ಸೋಡಾ ದ್ರಾವಣ ಮಾಡು ನೋಡೋಣ ಅಂದ್ರು. ನನಗೂ ರೋಷ ಬಂತು. ತೂಗಿದೆ, ಕರಗಿಸಿದೆ, ಅವರದೇ ಚೀಟಿ ಅಂಟಿಸಿದೆ. ಅವರು ಪಕ್ಕದಲ್ಲೇ ಕೈ ಕಟ್ಟಿಕೊಂಡು ನಿಂತಿದ್ರು. ಒಂದು ಮಾತಾಡ್ಲಿಲ್ಲ.” ಪ್ರಿನ್ಸಿಪಾಲರು ಡಬ್ಬಿಯ ಚೀಟಿಯ ಮೇಲೆ ಬೆರಳಾಡಿಸಿದರು. “ಅರ್ಧ ಗ್ರಾಂ ಆಚೀಚೆ ಆದ್ರೆ ಚೆಲ್ಲಿಸ್ತಿದ್ದ ಮನುಷ್ಯ ಸಾಹೇಬರೇ. ಸುಮ್ಮನೆ ನೋಡ್ತಾ ಇದ್ರು. ಕೊನೆಗೆ ಬೆನ್ನು ತಟ್ಟಿ, ಸಾಕಪ್ಪ, ಮನೆಗೆ ಹೋಗು ಅಂದ್ರು. ಯಾಕೆ ಅಂತ ನನಗೆ ಈಗ, ಈ ಡಬ್ಬಿ ನೋಡಿದ್ಮೇಲೆ ಗೊತ್ತಾಯ್ತು.”

ಸಾಹೇಬರಿಗೂ ಗೊತ್ತಾಯಿತು. ನೀರಿನ ಪರೀಕ್ಷೆ ಶುರುವಾಗುವುದೂ ಈ ದ್ರಾವಣದಿಂದಲೇ; ಹನ್ನೆರಡು ವರ್ಷದಲ್ಲಿ ಒಮ್ಮೆಯಾದರೂ ಲ್ಯಾಬಿನ ಸೋಡಾ ಮುಟ್ಟಿದವನು ಈ ತಪ್ಪು ಮಾಡಲಾರ. ವರದಿಗಳು ಸುಳ್ಳೆಂಬುದಕ್ಕೆ ಶಿಷ್ಯನ ಕೈಯಿಂದಲೇ ಸಾಕ್ಷಿ ಮಾಡಿಸಿಟ್ಟಿದ್ದರು ಮೇಷ್ಟ್ರು.

“ಬುಧವಾರದ ತಾರೀಖು?”

“ನಾನು ಒತ್ತಲಿಲ್ಲ. ದೇವರಾಣೆ. ವಾಪಸ್ ಬಂದಾಗ ಶೀಸೆ ಮೇಲೆ ಆ ತಾರೀಖು ಇತ್ತು. ಹೇಗೆ ಬಂತು ಅಂತ ಕೇಳೋಕೆ ಹೋಗ್ಲಿಲ್ಲ. ಅದು ನನ್ನನ್ನ ಕಾಪಾಡ್ತಿತ್ತು.”

ಸಾಹೇಬರು ನಿಧಾನವಾಗಿ ಶೀಸೆಯಮ್ಮನ ಕಡೆ ತಿರುಗಿದರು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

“ನಾನೇ ಒತ್ತಿದ್ದು ಸಾಹೇಬ್ರೇ. ಬುಧವಾರ ಬೆಳಿಗ್ಗೆ. ಶೀಸೆ ಒಳಗೆ ಏನಿದೆ ಅಂತ ಕೇಳಿದ್ರಿ, ಹೇಳ್ದೆ. ಮೊಹರು ಯಾರು ಒತ್ತಿದ್ರು ಅಂತ ನೀವು ಕೇಳ್ಲಿಲ್ಲ.”

“ಯಾರು ಹೇಳಿ ಒತ್ತಿದೆ?”

“ಮೇಷ್ಟ್ರೇ. ನನ್ನ ಪಕ್ಕದಲ್ಲೇ ನಿಂತಿದ್ರು. ರಾತ್ರಿ ಎಲ್ಲ ಲ್ಯಾಬಲ್ಲೇ ಇದ್ರು. ಬೆಳಿಗ್ಗೆ ಇಬ್ರೂ ಸೇರಿ ನೋಡಿದ್ವಿ. ಇಪ್ಪತ್ತೇಳು ಬಂತು. ದ್ರಾವಣ ಮಾಡಿದ ದಿನ ಅಲ್ಲ, ಪರೀಕ್ಷೆ ಮಾಡಿದ ದಿನದ ತಾರೀಖು ಹಾಕೋದು ಅವರ ಪದ್ಧತಿ.”

ಲೆಕ್ಕ ಸರಿಯಾಗಿತ್ತು, ಒಂದು ಹನಿಯಷ್ಟೂ ತಪ್ಪಿರಲಿಲ್ಲ. ಅದರಿಂದ ತಾವು ಕಟ್ಟಿದ ತೀರ್ಮಾನ ತಪ್ಪಿತ್ತು. ಮೇಷ್ಟ್ರು ಬುಧವಾರ ಇಲ್ಲೇ ಇದ್ದರು; ಈಗ ತಾನೆ ಠಾಣೆಗೆ ಸೂಚಿಸಿದ್ದು ಸುಳ್ಳಾಗಿತ್ತು.

“ಹಾಗಾದ್ರೆ ನನಗೆ ಇಷ್ಟೆಲ್ಲ ಯಾಕೆ ಕಲಿಸಿದೆಯಮ್ಮ?”

“ನಾಲ್ಕು ಖಾಲಿ ಶೀಸೆ ತೊಳೆಸ್ಕೊಂಡು ಹೋದ್ರು. ಟ್ಯಾಂಕಿಗೆ ನೀರು ಬರೋ ದಾರಿ ಹಿಡಿದು ಮೇಲಕ್ಕೆ ಹೋಗ್ತೀನಿ, ನಾಲ್ಕು ಕಡೆ ನೀರು ತುಂಬ್ಕೊಂಡು ಬರ್ತೀನಿ, ಅಲ್ಲೀವರೆಗೂ ಯಾರಿಗೂ ಬಾಯಿ ಬಿಡಬೇಡ, ಅಕ್ಕನಿಗೂ ಕೂಡ, ಅವಳು ಹೋಗೋಕೆ ಬಿಡಲ್ಲ ಅಂದ್ರು. ಮಾತು ಕೊಟ್ಟೆ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಫೈಲು ಮುಚ್ಚಿದ್ರೆ ಯಾರೂ ಹುಡುಕಲ್ಲ. ಕೊಟ್ಟ ಮಾತು ಮುರಿಯೋಕೆ ಆಗ್ಲಿಲ್ಲ. ಲೆಕ್ಕ ಹೇಳ್ಬಾರ್ದು ಅಂತ ಅವರು ಅಂದಿರ್ಲಿಲ್ಲ.”

“ಯಾವತ್ತು ಬರ್ತೀನಿ ಅಂದಿದ್ರು?”

“ಶನಿವಾರ.”

ಆಗ ಕುರ್ಚಿ ಕಿರುಗುಟ್ಟಿತು. ಪ್ರಿನ್ಸಿಪಾಲರು ಎದ್ದು ನಿಂತಿದ್ದರು. ಸಿಕ್ಕಿಬಿದ್ದವನ ಮುಖವಾಗಿರಲಿಲ್ಲ ಅದು. ಗುರುವಿಗಾಗಿ ಹೆದರಿದ ಶಿಷ್ಯನ ಮುಖ.

“ಮೇಲಕ್ಕೆ ಹೋದ್ರಾ? ಒಬ್ಬರೇ?” ಎಂದು ಕೇಳಿದರು. “ಸಾಹೇಬರೇ, ಆ ನಾಲ್ಕು ವರದಿಗೆ ನನ್ನ ಹತ್ರ ಸಹಿ ಹಾಕಿಸ್ಕೊಂಡವರು, ಆ ನೀರು ಕೆಡಿಸ್ತಿರೋರು, ಇರೋದು ಅಲ್ಲೇ.”